ಹೇನು, ನರಿ ಮತ್ತು ನನ್ನ ಭಾಷಾವೃಕ್ಷ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನ ಪೊನ್ನಂಪೇಟೆಯ ಕಡೆ ಮನುಷ್ಯರಿಗೆ ಉಳಿಯುವುದು ಎರಡೇ ಕೆಲಸ: ಒಲೆಯ ಮುಂದೆ ಕೂತು ಕಾಫಿ ಕುಡಿಯುವುದು ಮತ್ತು ಕಾಫಿ ಮುಗಿದ ಮೇಲೆ ವಾದ ಮಾಡುವುದು. ಅಂಥದೊಂದು ಸಂಜೆ, ಊರಿನಿಂದ ಬಂದಿದ್ದ ನನ್ನ ಭಾವಮೈದುನ, ಇಲ್ಲಿನ ಕೊಡವರ ಮಾತಾದ ಕೊಡವ ತಕ್ಕ್ ಎಂಬುದು ಮಳೆಯಲ್ಲಿ ನೆನೆದು ಮುದುಡಿದ ಕನ್ನಡವಲ್ಲದೆ ಬೇರೇನಲ್ಲ ಎಂದುಬಿಟ್ಟ. ಅದು ದಕ್ಷಿಣ ದ್ರಾವಿಡ ಶಾಖೆಯ ಸ್ವತಂತ್ರ ಭಾಷೆ ಎಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಇಪ್ಪತ್ತು ದ್ರಾವಿಡ ಭಾಷೆಗಳ ನೂರು ನೂರು ಪದಗಳನ್ನು ಕಂಪ್ಯೂಟರಿಗೆ ಉಣಿಸಿ, ಈ ಕುಟುಂಬಕ್ಕೆ ಸುಮಾರು 4500 ವರ್ಷ ವಯಸ್ಸಾಗಿದೆ ಎಂದು ಲೆಕ್ಕ ಹಾಕಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿದೆ. ಅದನ್ನು ತೋರಿಸಿ ಸುಮ್ಮನಾಗಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಬದಲಿಗೆ, ಭಾಷೆಗಳ ನಂಟನ್ನು ಮರದ ಕೊಂಬೆಗಳಂತೆ ತೋರಿಸುವ ಚಿತ್ರವೊಂದನ್ನು ನಾನೇ ಮಾಡಿ ತೋರಿಸುತ್ತೇನೆ ಎಂದೆ.

ಇಂಥ ಕೆಲಸಕ್ಕೆ ಮೊದಲು ಬೇಕಾದದ್ದು ಅಮೆರಿಕದ ಭಾಷಾವಿಜ್ಞಾನಿ ಮಾರಿಸ್ ಸ್ವಾದೇಶ್ ಅವರ ಹೆಸರಿನ ಪದಪಟ್ಟಿ. ಹೆಸರು ಕೇಳಿದ ಹೆಂಡತಿ, ಇದು ಖಾದಿ ಭಂಡಾರದ ಪಟ್ಟಿಯಿರಬೇಕೆಂದು ಭಾವಿಸಿ ಎರಡು ಟವೆಲ್ ಬರೆದುಕೊಳ್ಳಲು ಹೇಳಿದಳು. ಸುಲಭಕ್ಕೆ ಬೇರೆ ಭಾಷೆಯಿಂದ ಎರವಲು ಬಾರದ ಕಣ್ಣು, ಹಲ್ಲು, ನೀರು, ನಾಯಿಯಂಥ 207 ಪದಗಳು ನನ್ನ ಪಟ್ಟಿಯಲ್ಲಿದ್ದವು. ಹೇನೂ ಅದರಲ್ಲಿತ್ತು. ಛತ್ರಿ ಹಿಡಿದು ಪಕ್ಕದ ಮನೆಗೆ ಹೋಗಿ, ಜಗಲಿಯಲ್ಲಿ ಕೂತಿದ್ದ ಕೊಡವ ಅಜ್ಜಿಯನ್ನು 'ನಿಮ್ಮಲ್ಲಿ ಹೇನಿಗೆ ಏನಂತೀರಿ?' ಎಂದು ಕೇಳಿದಾಗ, ಅವರು ಮೊದಲು ತಲೆಯ ವಸ್ತ್ರ ಸರಿಪಡಿಸಿಕೊಂಡು, ಆಮೇಲೆ ನನ್ನ ತಲೆಯನ್ನೊಮ್ಮೆ ದಿಟ್ಟಿಸಿ, 'ಪೇನ್' ಎಂದರು. ಪಟ್ಟಿಯಲ್ಲಿ ಕಾವಳ, ಹಿಮ, ಮಂಜುಗಡ್ಡೆ ಮೂರಕ್ಕೂ ಬೇರೆಬೇರೆ ಸಾಲುಗಳಿದ್ದು, ನನ್ನ ಕನ್ನಡದ ಕಾಲಮಿನಲ್ಲಿ ಮಂಜು, ಮಂಜು, ಮತ್ತೂ ಮಂಜು ಎಂದಾಗಿ ಮಡಿಕೇರಿಯ ಹವಾಮಾನ ವರದಿಯಂತೆ ಕಾಣತೊಡಗಿತು.

ಪಟ್ಟಿಯಲ್ಲಿಲ್ಲದ 'ನರಿ'ಯನ್ನು ನಾನೇ ಸೇರಿಸಿದೆ. ಅದಕ್ಕೆ ಹಳೆಯ ಋಣವೊಂದಿದೆ. ಕೆಲಸಕ್ಕೆಂದು ಕೊಡಗಿಗೆ ಬಂದ ಹೊಸತರಲ್ಲಿ, ಇದೇ ಅಜ್ಜಿ ತೋಟದಲ್ಲಿ ನರಿ ಇದೆಯೆಂದು ಎಚ್ಚರಿಸಿದಾಗ, ನರಿಗೆಲ್ಲ ಹೆದರುವವನೇ ನಾನು ಎಂದು ಕಾಫಿ ಗಿಡಗಳ ನಡುವೆ ಒಂದು ಕೋಲು ಹಿಡಿದು ಹೊರಟಿದ್ದೆ. ಕೊಡವ ತಕ್ಕ್‌ನಲ್ಲಿ ನರಿಯೆಂದರೆ ಹುಲಿ. ಹುಲಿ ಕೊಂದವನನ್ನು ಮದುಮಗನಂತೆ ಕೂರಿಸಿ ಗೌರವಿಸುತ್ತಿದ್ದ ಸಂಭ್ರಮಕ್ಕೆ ಇಲ್ಲಿ 'ನರಿ ಮಂಗಲ' ಎಂದೇ ಹೆಸರು. ಅಜ್ಜಿಯ ಮಗ ಓಡಿಬಂದು ನನ್ನ ಅಂಗಿ ಹಿಡಿದೆಳೆಯದಿದ್ದರೆ ಆ ದಿನ ಮಂಗಲ ಹುಲಿಯದ್ದಾಗುತ್ತಿತ್ತು. ಕಂಪ್ಯೂಟರ್ ಮಾತ್ರ ಎರಡೂ 'ನರಿ'ಗಳನ್ನು ಹೋಲಿಸಿ, ವ್ಯತ್ಯಾಸ ಸೊನ್ನೆ ಎಂದು ಪೂರ್ಣಾಂಕ ಕೊಟ್ಟಿತು.

ಅಂಕ ಕೊಡುವ ವಿಧಾನ ಸರಳವಾದದ್ದು. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುವುದು. 1965ರಲ್ಲಿ ಸೋವಿಯತ್ ಗಣಿತಜ್ಞ ಲೆವೆನ್‌ಷ್ಟೈನ್ ಹೇಳಿಕೊಟ್ಟ ಲೆಕ್ಕವಿದು. ಕುತೂಹಲಕ್ಕೆ ಹಳಗನ್ನಡವನ್ನೂ ಒಂದು ಕಾಲಮಿನಲ್ಲಿ ತುಂಬಿದ್ದೇ ಎಡವಟ್ಟಾಯಿತು. ಅಜ್ಜಿಯ ಪಾಲ್, ಪೂ, ಪೇನ್, ಪಂದಿಗಳಲ್ಲಿರುವ ಪಕಾರ ಪಂಪನ ಕಾಲದ ಕನ್ನಡದಲ್ಲೂ ಇತ್ತು; ಅದನ್ನು ಹಾಲು, ಹೂವು, ಹೇನು, ಹಂದಿ ಮಾಡಿಕೊಂಡವರು ನಾವು. ಭಾಷಾವಿಜ್ಞಾನಿಗೆ ಅದೆಲ್ಲ ಸೇರಿ ಒಂದೇ ಬದಲಾವಣೆ, ನನ್ನ ಪ್ರೋಗ್ರಾಮಿಗೆ ಪ್ರತಿ ಪದದಲ್ಲೂ ಹೊಸ ಅಪರಾಧ. ಫಲಿತಾಂಶದ ಚಿತ್ರದಲ್ಲಿ ಪಂಪನೂ ಅಜ್ಜಿಯೂ ಒಂದೇ ಕೊಂಬೆಯಲ್ಲಿ ಒಡಹುಟ್ಟಿದವರಂತೆ ಕೂತಿದ್ದರೆ, ಕನ್ನಡ ಕಲಿಸಿಯೇ ಸಂಬಳ ತೆಗೆದುಕೊಂಡ ನಾನು ದೂರದ ಕೊಂಬೆಯಲ್ಲಿ ಒಂಟಿಯಾಗಿ ನೇತಾಡುತ್ತಿದ್ದೆ. ಹಳೆಯದನ್ನು ಇಬ್ಬರೂ ಉಳಿಸಿಕೊಂಡ ಮಾತ್ರಕ್ಕೆ ಹತ್ತಿರದ ನಂಟರಾಗುವುದಿಲ್ಲ, ಜೊತೆಯಾಗಿ ಬದಲಾದದ್ದನ್ನು ತೋರಿಸಬೇಕು ಎಂದು ನಾನು ವಿವರಿಸುವಷ್ಟರಲ್ಲಿ ಭಾವಮೈದುನ, 'ನೋಡಿದಿರಾ, ಕೊಡವ ಕನ್ನಡವೇ, ಅದೂ ನಿಮ್ಮದಕ್ಕಿಂತ ಒಳ್ಳೆಯ ಕನ್ನಡ' ಎಂದು ಚಪ್ಪಾಳೆ ತಟ್ಟಿದ.

ಚಿತ್ರದಲ್ಲಿ ಐದನೆಯ ಭಾಷೆಯೊಂದಿರುವುದು ಆಗ ಕಣ್ಣಿಗೆ ಬಿತ್ತು. ನಾನು ಕೊಟ್ಟಿದ್ದು ಕನ್ನಡ, ಹಳಗನ್ನಡ, ತುಳು, ಕೊಡವ, ಒಟ್ಟು ನಾಲ್ಕು. ಅರ್ಧ ರಾತ್ರಿಯವರೆಗೆ ಹುಡುಕಿದ ಮೇಲೆ ತಿಳಿದದ್ದೇನೆಂದರೆ, ಅಜ್ಜಿಯ ಮೊಮ್ಮಗಳು ಅದೇ ಪಟ್ಟಿಯನ್ನು ಮೊಬೈಲಿನಲ್ಲಿ ಬರೆದು ಕಳಿಸಿದ್ದಳು. ಪ್ರತಿ ಪದದ ಹಿಂದೆಯೂ ಮೊಬೈಲು ಕಣ್ಣಿಗೆ ಕಾಣದ ಖಾಲಿ ಜಾಗವೊಂದನ್ನು ಅಂಟಿಸಿತ್ತು. ಆ 'ಅಕ್ಷರ'ವನ್ನೂ ಶ್ರದ್ಧೆಯಿಂದ ಎಣಿಸಿದ ಪ್ರೋಗ್ರಾಮು, ಒಂದೇ ಮನೆಯ ಅಜ್ಜಿಗೂ ಮೊಮ್ಮಗಳಿಗೂ ಎರಡು ಭಾಷೆ ಹಂಚಿತ್ತು. (ಇದೊಂದು ಶೋಧನೆಯನ್ನು ಮಾತ್ರ ಅಜ್ಜಿ ತಕ್ಷಣ ಒಪ್ಪಿಕೊಂಡರು.)

ಮಾನ ಉಳಿಸಿಕೊಳ್ಳಲು ದೊಡ್ಡ ವಿದ್ಯೆಗೇ ಕೈಹಾಕಿದೆ. ಬೇಯ್ಸ್ ವಿಧಾನ ಎಂಬ ಸಂಭವನೀಯತೆಯ ಲೆಕ್ಕದ ತಂತ್ರಾಂಶವು ಒಂದು ಮರವನ್ನು ಊಹಿಸಿ, ಕೊಂಬೆಗಳನ್ನು ಅತ್ತಿತ್ತ ಕದಲಿಸಿ, ಪದಗಳಿಗೆ ಹೆಚ್ಚು ಹೊಂದುವ ಮರಗಳ ಬಳಿ ಹೆಚ್ಚು ಹೊತ್ತು ಸುಳಿದಾಡುತ್ತ ಲಕ್ಷಾಂತರ ಹೆಜ್ಜೆ ನಡೆಯುತ್ತದೆ. ಮೊದಲ ದೋಸೆ ಕಾವಲಿಗೆ ಅಂಟುವಂತೆ ಆರಂಭದ ಹೆಜ್ಜೆಗಳು ಕೆಟ್ಟಿರುತ್ತವೆಂದು ಅವನ್ನು ಎಸೆಯುವುದೂ ರೂಢಿ. ಒಂದು ಕೋಟಿ ಹೆಜ್ಜೆಗೆ ಇಟ್ಟು ಮಲಗಿದೆ. ಎಂಬತ್ತಾರು ಲಕ್ಷ ದಾಟಿದ್ದಾಗ, ಗಾಳಿಗೆ ತೋಟದ ಅಂಚಿನ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬಿತ್ತು. ಒಂದು ಮರ ಬಿದ್ದು ಇನ್ನೊಂದು ಮರ ಹೋಯಿತು. ಕರೆಂಟು ಬಂದದ್ದು ಮೂರನೆಯ ದಿನ, ಅಷ್ಟರಲ್ಲಿ ಭಾವಮೈದುನ ಗೆದ್ದವನ ಗತ್ತಿನಲ್ಲಿ ಬಸ್ಸು ಹತ್ತಿಯಾಗಿತ್ತು.

ಮತ್ತೆ ಮೊದಲಿನಿಂದ ಶುರುಮಾಡಲು ಕೂತಿದ್ದೆ; ಬಾಗಿಲು ತಟ್ಟಿದ ಸದ್ದಾಯಿತು. ಕೆಳಗಿನ ಲೈನ್ ಮನೆಯ ಹೆಂಗಸೊಬ್ಬಳು ಮಳೆಯಲ್ಲಿ ನೆನೆಯುತ್ತ, ಒಂದು ಕೈಯಲ್ಲಿ ಏಳೆಂಟು ವರ್ಷದ ಮಗಳನ್ನೂ ಇನ್ನೊಂದು ಕೈಯಲ್ಲಿ ಸಣ್ಣ ಹಲ್ಲಿನ ಬಾಚಣಿಗೆಯನ್ನೂ ಹಿಡಿದು ನಿಂತಿದ್ದಳು. ಹೇನಿನ ಪಟ್ಟಿ ಬರೆದುಕೊಳ್ಳುವ ಸಾಹೇಬರ ಮನೆ ಇದೇನಾ ಎಂದು ಕೇಳಿದಳು.