ರಸಬಾಳೆಗೆ ಬೀಜ ಎಲ್ಲಿಂದ ಬಂತು?

ಈಗಷ್ಟೇ ಫೋನಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. 'ನಂಜನಗೂಡು ರಸಬಾಳೆ ಬೀಜ, 50ರ ಪ್ಯಾಕೆಟ್, ಕುಂಡದಲ್ಲೇ ಬೆಳೆಯಿರಿ.' ಕೆಳಗೆ ಗಾಢ ನೀಲಿ ಬಾಳೆಹಣ್ಣಿನ ಚಿತ್ರ, ಅದಕ್ಕೂ ಬೀಜವಂತೆ! ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ.

ರಸಬಾಳೆಗೆ ಬಿತ್ತುವ ಬೀಜ ಇಲ್ಲ. ಹಣ್ಣು ಸೀಳಿದರೆ ನಡುವೆ ಕಾಣುವ ಕಪ್ಪು ಚುಕ್ಕೆಗಳು ಬಲಿಯದೆ ಉಳಿದ ಅಂಡಕಗಳು, ಅವು ಮೊಳೆಯುವುದಿಲ್ಲ. ರಸಬಾಳೆ, ಪಚ್ಚಬಾಳೆ, ನೇಂದ್ರ ಎಲ್ಲ ತ್ರಿಗುಣಿತಗಳು. ಎರಡು ಕಟ್ಟು ಇರಬೇಕಾದ ವರ್ಣತಂತು (ಕ್ರೋಮೋಸೋಮ್) ಮೂರು ಕಟ್ಟು ಇರುವುದರಿಂದ ಪರಾಗವೂ ಅಂಡವೂ ಸರಿಯಾಗಿ ರೂಪುಗೊಳ್ಳುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಕಾಯಿ ತುಂಬಿಕೊಳ್ಳುತ್ತದೆ. ಇವನ್ನು ಬೆಳೆಸಲು ಇರುವುದು ಕಂದು, ಅಂದರೆ ಬುಡದಿಂದ ಏಳುವ ಮರಿಗಿಡ, ಇಲ್ಲವೇ ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಸಸಿ.

'ಘಟ್ಟದ ಕಲ್ಲುಬಾಳೆಗೆ ಬೀಜ ಇದೆಯಲ್ಲ?' ಎಂದು ಯಾರಾದರೂ ಕೇಳುತ್ತೀರಿ. ಇದೆ, ಹಣ್ಣಿನ ತುಂಬ ಅದೇ ಇದೆ. ಕಾಡುಬಾಳೆಯ ಒಂದು ಬಗೆಯಾದ ಕಲ್ಲುಬಾಳೆ ಕಂದು ಹಾಕುವುದೇ ಇಲ್ಲ. ಒಮ್ಮೆ ಗೊನೆ ಬಿಟ್ಟು ಸಾಯುತ್ತದೆ, ಮುಂದಿನದು ಬೀಜದಿಂದಲೇ ಹುಟ್ಟಬೇಕು. ಅದನ್ನು ಕಲ್ಲುಬಾಳೆ ಎಂದೇ ಮಾರಲಿ, ಯಾರ ತಕರಾರೂ ಇಲ್ಲ. ರಸಬಾಳೆಯ ಹೆಸರು ಯಾಕೆ?

ಕಾಡುಬಾಳೆಯ ಬೀಜವನ್ನೇ ಬಯಸಿ ತರಿಸಿದವರು ಮೊದಲು ಒಂದನ್ನು ಒಡೆದು ನೋಡಿ. ಒಳಗಿನ ಹಿಟ್ಟು ಬೆಳ್ಳಗೆ, ತುಂಬಿಕೊಂಡಿರಬೇಕು. ಕಂದುಬಣ್ಣಕ್ಕೆ ತಿರುಗಿದ್ದರೆ, ಟೊಳ್ಳಾಗಿದ್ದರೆ ಉಳಿದವುಗಳ ಮೇಲೂ ಆಸೆ ಬಿಡಿ. ಒಳ್ಳೆಯದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ 48 ಗಂಟೆ ನೆನೆಸಿ, ದಿನಕ್ಕೆರಡು ಸಲ ನೀರು ಬದಲಿಸಿ. ಸಿಪ್ಪೆ ಗಟ್ಟಿ ಎಂದು ಉಪ್ಪುಕಾಗದದಲ್ಲಿ ಉಜ್ಜುವವರಿದ್ದಾರೆ. ಉಜ್ಜುವುದಾದರೆ ಬೆನ್ನಿನ ಕಡೆ ಅಷ್ಟೇ, ಅದೂ ಹಗುರವಾಗಿ. ಚಿಕ್ಕ ಮುಚ್ಚಳದಂಥ ಭಾಗವಿರುತ್ತದಲ್ಲ, ಭ್ರೂಣ ಕೂತಿರುವುದು ಅದರ ಕೆಳಗೇ. ಅಲ್ಲಿ ಗಾಯವಾದರೆ ಬೂಷ್ಟು ನುಗ್ಗಿ ಬೀಜ ಕೊಳೆಯುತ್ತದೆ.

ತೆಂಗಿನ ನಾರಿನ ಪುಡಿ, ಮರಳು ಸಮಸಮ ಬೆರೆಸಿ 1 ಸೆಂ.ಮೀ. ಆಳಕ್ಕೆ ಊರಿ. ಮಿಶ್ರಣ ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಬರೀ ಬಿಸಿ ಸಾಲದು, ಏರಿಳಿತ ಬೇಕು: ಹಗಲು 30–35 ಡಿಗ್ರಿ, ರಾತ್ರಿ 20ರ ಆಸುಪಾಸು. ಕೆಲವು ಮೂರು ವಾರಕ್ಕೆ ಮೊಳೆಯುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು. ತಿಂಗಳಾಯಿತೆಂದು ಕುಂಡ ಸುರಿಯಬೇಡಿ.

ಇಷ್ಟು ಮಾಡಿದರೂ ಏಳುವುದು ಕಾಡುಬಾಳೆ. ಆ ಜಾಹೀರಾತು ನಂಬಿದವರಿಗೆ ಇದು ಗೊತ್ತಾಗುವ ಹೊತ್ತಿಗೆ ಒಂದೆರಡು ವರ್ಷವೇ ಕಳೆದಿರುತ್ತದೆ. ನನ್ನನ್ನು ಉರಿಸುವುದು ಅದೇ.

ರಸಬಾಳೆಯೇ ಬೇಕೆಂದರೆ ರೋಗವಿಲ್ಲದ ತೋಟದಿಂದ ಕತ್ತಿಯಂಥ ಕಿರಿದಾದ ಎಲೆಯ, ಬುಡ ದಪ್ಪಗಿರುವ, 2–3 ತಿಂಗಳ ಕಂದು ತನ್ನಿ. ಅಗಲ ಎಲೆಯ ನೀರುಗಂದು ಬೇಡ, ಅದರ ಗಡ್ಡೆಯಲ್ಲಿ ಕಸುವಿರುವುದಿಲ್ಲ. ಈ ತಳಿಗೆ ಪನಾಮಾ ಸೊರಗು ರೋಗ ಬಹಳ ಬೇಗ ತಗಲುತ್ತದೆ. ಗಡ್ಡೆಯ ಬುಡ ತೆಳ್ಳಗೆ ಹೆರೆದು ನೋಡಿ; ಕೆಂಪು-ಕಂದು ಗೆರೆ ಕಂಡರೆ ಪುಕ್ಕಟೆ ಕೊಟ್ಟರೂ ತರಬೇಡಿ. ಈ ರೋಗ ತರುವ ಶಿಲೀಂಧ್ರ ಒಮ್ಮೆ ಮಣ್ಣಿಗೆ ಸೇರಿದರೆ ದಶಕಗಳವರೆಗೆ ಅಲ್ಲೇ ಕೂತಿರುತ್ತದೆ.