ಸುತ್ತಿಗೆ ಕೆಳಗಿಟ್ಟ ನೊಯ್‌ಬೌಟೆನ್

ಪಶ್ಚಿಮ ಬರ್ಲಿನ್‌ನಲ್ಲಿ 1980ರ ಏಪ್ರಿಲ್ 1ರಂದು ಮೊದಲ ಕಛೇರಿ ಕೊಟ್ಟ ತಂಡ ಐನ್‌ಷ್ಟ್ಯುರ್ಟ್ಸೆಂಡೆ ನೊಯ್‌ಬೌಟೆನ್. ಹೆಸರಿನ ಅರ್ಥ ‘ಕುಸಿಯುತ್ತಿರುವ ಹೊಸ ಕಟ್ಟಡಗಳು’. ತಗಡು, ಸುತ್ತಿಗೆ, ಡ್ರಿಲ್ಲಿಂಗ್ ಮಷಿನ್‌ಗಳಿಂದ ಹೆಸರಾದವರು ನಲವತ್ತು ತುಂಬಿದ ವರ್ಷ, 2020ರ ಮೇನಲ್ಲಿ, ‘ಆಲ್ಲೆಸ್ ಇನ್ ಆಲ್ಲೆಮ್’ ಎಂಬ ಆಲ್ಬಂನೊಂದಿಗೆ ಮರಳಿದರು. ‘ಒಟ್ಟಾರೆ’ ಅನ್ನಬಹುದು. ಗದ್ದಲ ಅದರಲ್ಲಿ ಬಹುಪಾಲು ಇಲ್ಲ. ಇದು ಮಾಗಿದ್ದೋ, ಬಾಡಿದ್ದೋ? ಇಲ್ಲಿ ಎರಡು ದನಿಗಳಿವೆ.

ಪರ: ಸದ್ದು ಮೆಲ್ಲಗಾಗಿದೆ, ಕಿವಿ ಮೊಂಡಾಗಿಲ್ಲ

ಈ ತಂಡ ಕಬ್ಬಿಣ ಬಡಿಯಲು ಶುರುಮಾಡಿದ್ದರಲ್ಲಿ ಸಿಟ್ಟಿನಷ್ಟೇ ಪಾಲು ಬಡತನದ್ದೂ ಇತ್ತು. ಕೈಯಲ್ಲಿ ಕಾಸಿಲ್ಲದೆ ಎನ್.ಯು. ಉನ್ರೂ ತಮ್ಮ ಡ್ರಮ್ ಸೆಟ್ ಮಾರಿಬಿಟ್ಟರು. ನುಡಿಸಲು ಏನಾದರೂ ಬೇಕಲ್ಲ, ಗುಜರಿ ತಗಡು ಹೊತ್ತು ತಂದರು. 1980ರ ಜೂನ್‌ನಲ್ಲಿ ಅವರೂ ಗಾಯಕ ಬ್ಲಿಕ್ಸಾ ಬಾರ್ಗೆಲ್ಡ್ ಅವರೂ ಹೆದ್ದಾರಿ ಸೇತುವೆಯೊಂದರ ಟೊಳ್ಳು ಹೊಟ್ಟೆಯೊಳಗೆ ನುಗ್ಗಿ, ಅಲ್ಲಿನ ಉಕ್ಕನ್ನೇ ಬಡಿದು ರೆಕಾರ್ಡ್ ಮಾಡಿಕೊಂಡರು. ಸೇತುವೆ ಬಾಡಿಗೆ ಕೇಳುವುದಿಲ್ಲ ನೋಡಿ. ಅಂದರೆ ಇವರ ಕಸುಬು ಮೊದಲಿನಿಂದಲೂ ಸಿಕ್ಕಿದ್ದರಲ್ಲಿ ನಾದ ಹುಡುಕುವುದು. ಮಣ್ಣಿನ ಮಡಕೆಯನ್ನು ಕಛೇರಿಯ ವೇದಿಕೆಗೆ ಹತ್ತಿಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಸುಬು ಹೊಸ ಆಲ್ಬಂನಲ್ಲೂ ಇದೆ. ‘ಟಾಷೆನ್’, ಅಂದರೆ ಚೀಲಗಳು, ಎಂಬ ಹಾಡು ಕೇಳಿ. ಗಂಟುಮೂಟೆ ಕಟ್ಟುವವರು ಬಟ್ಟೆಬರೆ ತುರುಕಿ ಹೊರುವಂಥ ದೊಡ್ಡ ಪ್ಲಾಸ್ಟಿಕ್ ಚೀಲಗಳಿಗೆ ಚಿಂದಿ ತುಂಬಿ ಕೋಲಿನಿಂದ ಬಡಿದಿದ್ದಾರೆ. ಧಬ್, ಧಬ್ ಎಂಬ ಮಂದ ಪೆಟ್ಟು, ಹಾಸಿಗೆಯ ಧೂಳು ಕೊಡವಿದಂತೆ. ನನಗದು ಊರು ಬಿಟ್ಟವರ ಹಾಡಾಗಿ ಕೇಳಿಸುತ್ತದೆ. ಅದಕ್ಕೆ ತಗಡಿನ ಆರ್ಭಟ ಹಾಕಿದ್ದರೆ ಕೆಟ್ಟೇ ಹೋಗುತ್ತಿತ್ತು.

ಈ ಬದಲಾವಣೆ ರಾತ್ರೋರಾತ್ರಿ ಆದದ್ದೂ ಅಲ್ಲ. ಬೇಸ್ ಗಿಟಾರ್ ನುಡಿಸುತ್ತಿದ್ದ ಮಾರ್ಕ್ ಚುಂಗ್ 1994ರಲ್ಲಿ, ಲೋಹವಾದನದ ಬೆನ್ನೆಲುಬಾಗಿದ್ದ ಎಫ್.ಎಂ. ಐನ್‌ಹೈಟ್ 1995ರಲ್ಲಿ ತಂಡ ಬಿಟ್ಟರು. 2000ದ ಆಲ್ಬಂ ಮೌನವನ್ನು ಹೆಸರಿನಲ್ಲೇ ಇಟ್ಟುಕೊಂಡು ಬಂತು.

ಇನ್ನು ‘ಹಳೆಯ ಕೆಚ್ಚು ಎಲ್ಲಿ’ ಅನ್ನುವವರಿಗೆ ಒಂದು ಸಂಗತಿ. 1984ರ ಜನವರಿ 3ರಂದು ಲಂಡನ್ನಿನ ಐಸಿಎ ಎಂಬ ಕಲಾಕೇಂದ್ರದಲ್ಲಿ ತಂಡದ ಸದಸ್ಯರೂ ಇತರರೂ ಸೇರಿ ವೇದಿಕೆಯನ್ನೇ ಕೊರೆಯಲು ಹೊರಟು, ಕಛೇರಿ ರಂಪವಾಗಿ ಅರ್ಧಕ್ಕೇ ನಿಂತಿತು. 2007ರಲ್ಲಿ ಅದೇ ಐಸಿಎಯಲ್ಲಿ ಕಲಾವಿದೆಯೊಬ್ಬರು ಆ ರಂಪವನ್ನು ನಟರ ಕೈಲಿ ಮತ್ತೆ ಆಡಿಸಿದರು. ದಂಗೆಗೇ ರಿಹರ್ಸಲ್ ನಡೆದ ಮೇಲೆ, ಅರವತ್ತು ದಾಟಿದ ಬಾರ್ಗೆಲ್ಡ್ ಡ್ರಿಲ್ ಹಿಡಿದು ಬಂದರೆ ತಮ್ಮದೇ ವೇಷ ಹಾಕಿದಂತಾಗುತ್ತದೆ.

ವಿರೋಧ: ಮೆಲ್ಲಗಾಗಲಿ, ಹಾಯಾಗುವುದೇಕೆ?

ತಂಡದ 1985ರ ಆಲ್ಬಂ ‘ಹಾಲ್ಬರ್ ಮೆನ್ಷ್’ ಮನೆಯಲ್ಲಿ ಮೊದಲ ಸಲ ಹಾಕಿದಾಗ ಅಮ್ಮ ಅಡುಗೆಮನೆಯಿಂದ ಓಡಿಬಂದು “ಏನೋ ಬಿತ್ತು?” ಅಂದಿದ್ದರು. 2020ರ ಲಾಕ್‌ಡೌನ್‌ನಲ್ಲಿ ಇಬ್ಬರೂ ಹುರುಳಿಕಾಯಿ ಸೋಸುತ್ತಾ ಕೂತಾಗ ಹೊಸ ಆಲ್ಬಂ ಹಾಕಿದೆ. ಮೂರು ಹಾಡು ಮುಗಿದ ಮೇಲೆ ಅಮ್ಮ, “ಇದು ಪರವಾಗಿಲ್ಲ ಕಣೋ, ಇರಲಿ ಬಿಡು” ಅಂದರು. ಆ ಮೆಚ್ಚುಗೆಯೇ ನನ್ನ ತಕರಾರು.

ಸದ್ದು ತಗ್ಗಿದ್ದಕ್ಕೆ ಬೇಸರವಿಲ್ಲ. 2000ದ ಆಲ್ಬಂನಲ್ಲಿ ಮೌನವೂ ಹೆದರಿಸುತ್ತಿತ್ತು. ಮುಂದಿನ ಕ್ಷಣ ಏನು ಮೇಲೆ ಬೀಳುತ್ತದೋ ಅಂತ ಭುಜ ಬಿಗಿಯಾಗುತ್ತಿತ್ತು. ಇಲ್ಲಿ ಏನೂ ಬೀಳುವುದಿಲ್ಲವೆಂದು ಎರಡನೇ ಹಾಡಿಗೇ ಗೊತ್ತಾಗಿಬಿಡುತ್ತದೆ. ಚೀಲದ ಹಾಡು ಚೆನ್ನಾಗಿದೆ, ಒಪ್ಪಿದೆ. ಹತ್ತರಲ್ಲಿ ಒಂದು.

ಉಳಿದವುಗಳ ಪೈಕಿ ನಾಲ್ಕು ಹಾಡುಗಳ ಶೀರ್ಷಿಕೆಯಲ್ಲಿ ಬರ್ಲಿನ್‌ನ ಜಾಗಗಳಿವೆ: ಲಾಂಡ್‌ವೇರ್ ಕಾಲುವೆ, ಗ್ರಾಟ್ಸರ್ ಡಾಮ್ ಎಂಬ ರಸ್ತೆ, ವೆಡ್ಡಿಂಗ್, ಟೆಂಪಲ್‌ಹೋಫ್. 1919ರಲ್ಲಿ ಕ್ರಾಂತಿಕಾರಿ ನಾಯಕಿ ರೋಸಾ ಲಕ್ಸೆಂಬರ್ಗ್ ಅವರ ಹೆಣ ಎಸೆದದ್ದು ಅದೇ ಕಾಲುವೆಗೆ. ಟೆಂಪಲ್‌ಹೋಫ್ 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣ. ವೆಡ್ಡಿಂಗ್ ಕಾರ್ಮಿಕರ ಬಡಾವಣೆ. ಹಾಡಿನಲ್ಲಿ ಆ ಹೆಸರನ್ನೇ ಮಂತ್ರದಂತೆ ಜಪಿಸುತ್ತಾರೆ. ಇತಿಹಾಸದ ಭಾರವನ್ನೆಲ್ಲ ಹೆಸರುಗಳೇ ಹೊತ್ತಿವೆ. 1981ರ ಆಲ್ಬಂ ‘ಕೊಲಾಪ್ಸ್’ ಕೇಳುವಾಗ ಯಾರೂ ವಿಳಾಸ ಹೇಳಬೇಕಿರಲಿಲ್ಲ. ಸುತ್ತ ಗೋಡೆ ಎದ್ದ ಊರು ತಗಡಿನಲ್ಲೇ ಕೇಳುತ್ತಿತ್ತು.

ಇದಕ್ಕೊಂದು ಕಾರಣ ನನಗೆ ತೋಚುವುದು ದುಡ್ಡಿನ ವ್ಯವಸ್ಥೆ. ಅಭಿಮಾನಿಗಳು ಮುಂಗಡ ಕೊಟ್ಟು, ಸ್ಟುಡಿಯೋದೊಳಗಿನ ಕೆಲಸವನ್ನು ವೆಬ್‌ಕ್ಯಾಮ್‌ನಲ್ಲಿ ನೋಡುವ ಪದ್ಧತಿ 2002ರಲ್ಲಿ ಶುರುವಾಯಿತು. ಕಂಪನಿಯ ಹಂಗಿಲ್ಲ, ಸರಿ. ಆದರೆ ಎದುರಿಗಿರುವವರೆಲ್ಲ ಭಕ್ತರಾದರೆ ‘ಸಾಕು ನಿಲ್ಲಿಸಿ’ ಅನ್ನುವವರು ಯಾರು? ಐಸಿಎಯಲ್ಲಿ ಕರೆಂಟ್ ತೆಗೆದವರಾದರೂ ಇದ್ದರು.

2024ರ ‘ರಾಂಪೆನ್’ ನನ್ನ ವಾದಕ್ಕೆ ಸಾಕ್ಷಿ. 2022ರ ಪ್ರವಾಸದಲ್ಲಿ ವೇದಿಕೆಯ ಮೇಲೆ, ಜನರ ಎದುರೇ, ತಯಾರಿಯಿಲ್ಲದೆ ನುಡಿಸಿದ್ದನ್ನು ಹಿಡಿದು ಕಟ್ಟಿದ ಆಲ್ಬಂ ಅದು. ಅದೂ ಬಹಳ ಕಡೆ ಮೆಲ್ಲನೆಯದೇ, ಆದರೆ ಎಲ್ಲಿ ಮುಗ್ಗರಿಸುತ್ತಾರೋ ಎಂಬ ಅಳುಕು ಮರಳಿದೆ. ಅಮ್ಮನಿಗೆ ಇನ್ನೂ ಕೇಳಿಸಿಲ್ಲ.