ರಾಣಿದೇ ಅಂತ ಹೇಗೆ ಹೇಳ್ತೀರಿ?

ಲೇಖನ ಚೆನ್ನಾಗಿದೆ ಸಾರ್, ಆದ್ರೆ ಆ ಚಿನ್ನದ ಗಿಲೀಟಿನ ಫ್ರೆಂಚ್ ಕವಲುದೀಪ (ಕೊಂಬೆ ಕೊಂಬೆಯ ಮೇಣದಬತ್ತಿ ಸ್ಟ್ಯಾಂಡು) ಫ್ರಾನ್ಸ್ ರಾಣಿ ಮೇರಿ ಆಂಟೊನೆಟ್‌ದು ಅಂತ ಒಂದೇ ಸಾಲಲ್ಲಿ ಮುಗಿಸ್ಬಿಟ್ರಲ್ಲ! ಫ್ರೆಂಚ್ ಕ್ರಾಂತಿ ಟೈಮಲ್ಲಿ, 1793ರ ಆಗಸ್ಟ್‌ನಿಂದ ಸುಮಾರು ಒಂದು ವರ್ಷ, ರಾಜಮನೆತನದ ವರ್ಸೇಲ್ಸ್ ಅರಮನೆ ಸಾಮಾನು ಹರಾಜಾಯ್ತು, 17 ಸಾವಿರಕ್ಕೂ ಹೆಚ್ಚು ಲಾಟು, ಕೊಂಡೋರು ಯಾರ್ಯಾರೋ, ಅದ್ರಲ್ಲಿ ಎಷ್ಟೋ ಇಂಗ್ಲೆಂಡ್ ಕಡೆ ಹೋಯ್ತು, ಯಾರಿಂದ ಯಾರ ಕೈಗೆ ಹೋಯ್ತು ಅನ್ನೋದ್ರಲ್ಲಿ ಒಂದು ಕೊಂಡಿ ತಪ್ಪಿದ್ರೂ ಮುಗೀತು ಕಥೆ. ಅರಮನೆಗೆ ಪೀಠೋಪಕರಣ ಮಾಡ್ತಿದ್ದ ರೀಸೆನರ್ ಮಾಡಿದ ರಾಣಿಯ ಕಪಾಟು ನೋಡಿ, ಅದಕ್ಕೆ ಗುರುತಿದೆ: 1882ರ ಸ್ಕಾಟ್ಲೆಂಡ್‌ನ ಹ್ಯಾಮಿಲ್ಟನ್ ಪ್ಯಾಲೇಸ್ ಸಾಮಾನಿನ ಹರಾಜಿಂದ ಅಮೆರಿಕದ ಸಾಹುಕಾರ ವಾಂಡರ್‌ಬಿಲ್ಟ್ ಮನೆಗೆ, ಅಲ್ಲಿಂದ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂಗೆ, ಮೇಲೆ ರಾಣಿ ಹೆಸರಿನ ಅಕ್ಷರಗಳೇ ಇವೆ. ನಿಮ್ಮ ದೀಪದ ಫೋಟೋ ಝೂಮ್ ಮಾಡ್ದೆ, ಕೊಂಬೆ ಬುಡದಲ್ಲಿ ಡ್ರಿಲ್ ತೂತು, ಯಾರೋ ಪುಣ್ಯಾತ್ಮ ಬಲ್ಬ್ ಹಾಕೋಕೆ ವೈರ್ ಎಳ್ದಿದಾನೆ. ಮೊದ್ಲು ಅವನ್ಯಾರು ಅಂತ ಹುಡುಕಿ ಸಾರ್, ರಾಣಿ ಆಮೇಲೆ.